ಕಲ್ಯಾಣದ ದಾಯವಿಚಾರವೂ ಗಣಕದ ಉಪಕರಣಗಳೂ

ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯವಾಳುತ್ತಿದ್ದ ಕಾಲದಲ್ಲಿ, ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿ, ಗ್ರಂಥದ ಕೊನೆಯಲ್ಲಿ ಕಲ್ಯಾಣಕ್ಕೆ ಸಮನಾದ ನಗರವೂ ವಿಕ್ರಮನಿಗೆ ಸಮನಾದ ದೊರೆಯೂ ತನಗೆ ಸಮನಾದ ಪಂಡಿತನೂ ಇಲ್ಲವೆಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡನು. ಇಂದಿನ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಇಳಿದು ಕೋಟೆಯ ಕಡೆಗೆ ನಡೆಯುವವನಿಗೆ ಮೊದಲಿನ ಎರಡು ಮಾತುಗಳನ್ನು ನಂಬುವುದು ತುಸು ಕಷ್ಟವೇ ಆದೀತು. ಆದರೆ ಮೂರನೆಯ ಮಾತನ್ನು ಇತಿಹಾಸವು ಬಹುಮಟ್ಟಿಗೆ ಒಪ್ಪಿಕೊಂಡಿತೆನ್ನಬೇಕು. ಬಂಗಾಳದ ಕಡೆಯ ಸೀಮೆಯೊಂದನ್ನು ಬಿಟ್ಟರೆ ಭಾರತದ ಹೆಚ್ಚು ಕಡಿಮೆ ಎಲ್ಲ ಪ್ರಾಂತಗಳ ಹಿಂದೂ ಕುಟುಂಬಗಳ ಆಸ್ತಿಯೂ ಈ ಕಲ್ಯಾಣದ ಪಂಡಿತನ ಮಾತಿನಂತೆಯೇ ಶತಮಾನಗಳ ಕಾಲ ಪಾಲಾಯಿತು.

ಬಂಗಾಳದಲ್ಲಿ ಮಾನ್ಯವಾದದ್ದು ಜೀಮೂತವಾಹನನ ‘ದಾಯಭಾಗ’. ಈ ಇಬ್ಬರಿಗೂ ಇದ್ದ ಭಿನ್ನಾಭಿಪ್ರಾಯದ ಮೂಲ ಒಂದೇ ಪ್ರಶ್ನೆ: ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಯಾವಾಗ ಹುಟ್ಟುತ್ತದೆ? ತಂದೆ ತೀರಿಕೊಂಡಾಗ ಎಂದನು ಜೀಮೂತವಾಹನ. ಮಗನು ಹುಟ್ಟಿದ ಕ್ಷಣದಲ್ಲಿಯೇ ಎಂದನು ವಿಜ್ಞಾನೇಶ್ವರ. ಅಷ್ಟಕ್ಕೇ ನಿಲ್ಲದೆ ಅವನು ದಾಯವನ್ನು ಎರಡಾಗಿ ವಿಂಗಡಿಸಿ, ನಡುವೆ ಯಾರ ತಡೆಯೂ ಇಲ್ಲದೆ ಜನ್ಮದಿಂದಲೇ ಬರತಕ್ಕದ್ದನ್ನು ಅಪ್ರತಿಬಂಧವೆಂದೂ, ಇನ್ನೊಬ್ಬನು ಇರುವವರೆಗೆ ಕಾದಿದ್ದು ಆಮೇಲೆ ಪಡೆಯತಕ್ಕದ್ದನ್ನು ಸಪ್ರತಿಬಂಧವೆಂದೂ ಕರೆದನು. ಒಂದು ಮನೆತನವು ತನಗೆ ಬೇರೆಯ ಸಂಪ್ರದಾಯವುಂಟೆಂದು ಸಾಧಿಸಿ ತೋರಿಸದ ಪಕ್ಷದಲ್ಲಿ ನಮ್ಮ ಸೀಮೆಯಲ್ಲಿ ಮಿತಾಕ್ಷರದ ವಿಧಿಯೇ ತಾನಾಗಿ ಅನ್ವಯಿಸುತ್ತಿತ್ತು. ಯಾರೂ ಏನನ್ನೂ ಹೇಳದಿದ್ದಾಗ, ಯಾರೂ ಏನನ್ನೂ ಆರಿಸದಿದ್ದಾಗ, ಮೌನದ ಸ್ಥಾನದಲ್ಲಿ ನಿಂತು ಮಾತಾಡುವ ಈ ಬಗೆಯ ಏರ್ಪಾಡನ್ನೇ ಇಂದಿನ ಗಣಕಜ್ಞರು ಡೀಫಾಲ್ಟ್ ಎನ್ನುತ್ತಾರೆ; ನಾವು ಸಹಜಕ್ರಮವೆನ್ನಬಹುದು.

ಮೇಜಿನ ಮೇಲಿನ ಗಣಕವೊಂದಕ್ಕೆ ವಿಂಡೋಸನ್ನೋ ಉಬುಂಟುವನ್ನೋ ಹೊಸದಾಗಿ ಹಾಕಿದಾಗ, ಹಾಕಿದವನು ಕೇಳದೆಯೇ ಜೊತೆಯಲ್ಲಿ ಬಂದು ಕುಳಿತುಕೊಳ್ಳುವ ತಂತ್ರಾಂಶಗಳು ಎಷ್ಟೋ ಉಂಟು. ಬ್ರೌಸರು, ಚಿತ್ರ ನೋಡುವ ಸಾಧನ, ಹಾಡು ಕೇಳುವ ಸಾಧನ ಇವೆಲ್ಲ ಬಂದೇ ಬರುತ್ತವೆ. ಇವುಗಳ ವಿಷಯದಲ್ಲಿ ದೊಡ್ಡ ವಿವಾದವಿಲ್ಲ. ವಿವಾದವಿರುವುದು ಇನ್ನೊಂದು ವರ್ಗದ ಉಪಕರಣಗಳನ್ನು ಕುರಿತು. ಅಂದರೆ, ತಂತ್ರಾಂಶವನ್ನು ಬಳಸುವುದಕ್ಕಲ್ಲ, ತಂತ್ರಾಂಶವನ್ನು ಮಾಡುವುದಕ್ಕೇ ಬೇಕಾದ, ಬರೆದ ಸಂಕೇತವನ್ನು ಯಂತ್ರದ ಭಾಷೆಗೆ ತರುವ ಕಂಪೈಲರು, ಸಂಕೇತ ಬರೆಯುವ ಸಂಪಾದಕ, ತಪ್ಪನ್ನು ಹುಡುಕುವ ಡೀಬಗರು, ಬರೆದದ್ದರ ಪೂರ್ವಾಪರವನ್ನು ಕಾದಿಡುವ ಗಿಟ್, ಪೈಥಾನಿನಂಥ ಭಾಷೆ ಇವನ್ನು ಕುರಿತು. ಗಣಕವನ್ನು ಪಡೆದವನಿಗೆ ಇವು ಜನ್ಮದಿಂದಲೇ ದೊರೆಯಬೇಕೋ, ಅಥವಾ ಬೇಕೆಂದು ಕೇಳಿದ ಮೇಲೆ, ಅನುಮತಿಯ ಗುಪ್ತಪದವನ್ನು ಒಪ್ಪಿಸಿದ ಮೇಲೆ, ದೂರದ ಭಂಡಾರದಿಂದ ಇಳಿಸಿಕೊಂಡ ಮೇಲೆ ಮಾತ್ರ ದೊರೆಯಬೇಕೋ? ನೋಡಿದರೆ ವಿಜ್ಞಾನೇಶ್ವರನ ಪಕ್ಷಕ್ಕೂ ಜೀಮೂತವಾಹನನ ಪಕ್ಷಕ್ಕೂ ಇಲ್ಲಿ ಪ್ರತಿನಿಧಿಗಳು ಸಿಕ್ಕುತ್ತಾರೆ.

ಆದಿಯಲ್ಲಿ ಇದ್ದದ್ದು ನಿಸ್ಸಂದೇಹವಾಗಿ ಮಿತಾಕ್ಷರದ ಪಕ್ಷವೇ. 1979ರಲ್ಲಿ ಬೆಲ್ ಪ್ರಯೋಗಾಲಯದಿಂದ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಸಿ ಕಂಪೈಲರು, ಕಡತಗಳನ್ನು ಕ್ರಮವಾಗಿ ಕಂಪೈಲು ಮಾಡಿಸುವ ಮೇಕ್, ಹೊಸ ಭಾಷೆಗೆ ಕಂಪೈಲರು ಕಟ್ಟಲು ನೆರವಾಗುವ ಲೆಕ್ಸ್ ಮತ್ತು ಯಾಕ್, ಇವೆಲ್ಲದರ ಕೈಪಿಡಿ, ಎಲ್ಲವೂ ಒಂದೇ ಕಟ್ಟಿನಲ್ಲಿ ಅಡಕವಾಗಿದ್ದವು. ಯಂತ್ರವನ್ನು ಬಳಸುವವನೂ ಯಂತ್ರಕ್ಕೆ ಬರೆಯುವವನೂ ಬೇರೆ ಬೇರೆ ಜನವೆಂಬ ಭಾವನೆಯೇ ಅಂದಿಗೆ ಇನ್ನೂ ಮೂಡಿರಲಿಲ್ಲ. ಮನೆಯ ಗಣಕಗಳ ವಿಷಯವೂ ಹಾಗೆಯೇ. ಭಾರತ ಸರಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಡಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟಾಗ, ಗುಂಡಿಯೊತ್ತಿದೊಡನೆ ತೆರೆಯ ಮೇಲೆ ಕಾಣುತ್ತಿದ್ದದ್ದು ಚಿತ್ರಗಳ ಸಾಲಲ್ಲ, ಬೇಸಿಕ್ ಭಾಷೆಯ ಆಹ್ವಾನ. ಬರೆಯದೆ ಆ ಯಂತ್ರದಿಂದ ಏನನ್ನಾದರೂ ಪಡೆಯುವುದೇ ಕಷ್ಟವಾಗಿತ್ತು. 1991ರ ಎಂಎಸ್-ಡಾಸ್ ಐದರ ಜೊತೆಯಲ್ಲಿ ಬಂದ ಕ್ಯೂಬೇಸಿಕ್‌ನಲ್ಲಿ ಎರಡು ಗೊರಿಲ್ಲಾಗಳು ಪರಸ್ಪರ ಬಾಳೆಹಣ್ಣೆಸೆಯುವ ಆಟವೊಂದಿದ್ದು, ಆ ಆಟದ ಸಂಕೇತವು ಬಿಚ್ಚಿಟ್ಟ ಪುಸ್ತಕದಂತೆ ಎದುರಿಗೇ ಇದ್ದುದರಿಂದ, ಬಾಳೆಹಣ್ಣಿನ ವೇಗವನ್ನು ತಿದ್ದಿ ನೋಡುವ ಚಪಲದಿಂದಲೇ ಪ್ರೋಗ್ರಾಮು ಬರೆಯಲು ಕಲಿತ ಒಂದು ಪೀಳಿಗೆಯೇ ನಮ್ಮ ದೇಶದಲ್ಲಿ ಉಂಟು.

ಜೀಮೂತವಾಹನನ ಪಕ್ಷ ಬಲಗೊಂಡದ್ದು 1990ರ ದಶಕದ ಆರಂಭದಲ್ಲಿ. ಸನ್ ಸಂಸ್ಥೆಯು ತನ್ನ ಯೂನಿಕ್ಸ್ ಆದ ಸೋಲಾರಿಸ್ ಎರಡರಿಂದ ಸಿ ಕಂಪೈಲರನ್ನು ಬೇರ್ಪಡಿಸಿ ಪ್ರತ್ಯೇಕ ಬೆಲೆಗೆ ಮಾರತೊಡಗಿದಾಗ, ಹಳೆಯ ಅಭ್ಯಾಸದಿಂದ ‘ಸಿಸಿ’ ಎಂದು ಬೆರಳಚ್ಚಿಸಿದವರಿಗೆ ಆ ಐಚ್ಛಿಕ ಭಾಷಾತಂತ್ರಾಂಶ ಇಲ್ಲಿ ಸ್ಥಾಪಿತವಾಗಿಲ್ಲವೆಂಬ ಒಣ ಉತ್ತರವೊಂದು ದೊರೆಯಿತು. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ್ದ ಜಿಸಿಸಿ ಕಂಪೈಲರಿನ ಕಡೆಗೆ ಅನೇಕರು ಹೊರಳಿದ್ದಕ್ಕೆ ಈ ಒಣ ಉತ್ತರವೂ ಒಂದು ಕಾರಣವಾಯಿತು. ಹಿರಿಯನು ಆಸ್ತಿಯನ್ನು ಹಿಡಿದಿಟ್ಟುಕೊಂಡಾಗ ಕಿರಿಯರು ಸ್ವಾರ್ಜಿತಕ್ಕೆ ಹೊರಟರು.

ಇದೆಲ್ಲ ಪರದೇಶದ ಪಂಡಿತರ ಜಗಳವೆಂದೂ ತನಗೆ ಸಂಬಂಧಿಸಿದ್ದಲ್ಲವೆಂದೂ ಭಾವಿಸುವ ಕನ್ನಡ ಓದುಗನಿಗೆ ಅವನದೇ ಅನುಭವವೊಂದನ್ನು ನೆನಪಿಸುವುದು ಒಳ್ಳೆಯದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡವಿತ್ತು. ತುಂಗಾ ಎಂಬ ಸುಂದರವಾದ ಅಕ್ಷರವಿನ್ಯಾಸವೂ ಇತ್ತು. ಆದರೂ ಹೊಸ ಯಂತ್ರದಲ್ಲಿ ಕನ್ನಡದ ಪುಟವನ್ನು ತೆರೆದರೆ ಬಹುಕಾಲ ನಮಗೆ ಕಂಡದ್ದು ಚೌಕಗಳ ಸಾಲು, ಇಲ್ಲವೇ ಒತ್ತು ಕೊಂಬುಗಳು ತಮ್ಮ ಸ್ಥಾನ ಬಿಟ್ಟು ಚೆದರಿಬಿದ್ದ ವಿಕೃತರೂಪ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಪ್ರಾದೇಶಿಕ ಭಾಷೆಗಳ ಕಿಟಕಿಯನ್ನು ತೆರೆದು, ಸಂಕೀರ್ಣ ಲಿಪಿಗಳ ಕಡತಗಳನ್ನು ಸ್ಥಾಪಿಸೆಂಬ ಪುಟ್ಟ ಚೌಕಕ್ಕೆ ಗುರುತು ಹಾಕಿ, ಯಂತ್ರವು ಕೇಳಿದ ಮೂಲ ಸಿಡಿಯನ್ನು ಎಲ್ಲಿಂದಲೋ ಹುಡುಕಿ ತಂದು ತೂರಿಸಿದ ಮೇಲೆಯೇ ಕನ್ನಡವು ಕನ್ನಡವಾಗಿ ಕಾಣುತ್ತಿತ್ತು. ಕನ್ನಡವನ್ನು ಯಾರೂ ನಿಷೇಧಿಸಿರಲಿಲ್ಲ, ಅದಕ್ಕೆ ಯಾರೂ ಬೆಲೆ ಕೇಳಿರಲಿಲ್ಲ. ಅದು ಸಪ್ರತಿಬಂಧವಾಗಿತ್ತು, ಅಷ್ಟೆ. ಮುಂದೆ ವಿಂಡೋಸ್ ವಿಸ್ಟಾದಿಂದಾಚೆಗೆ ಆ ಗುರುತಿನ ಚೌಕ ಕಣ್ಮರೆಯಾಗಿ, ಕನ್ನಡವು ಹುಟ್ಟಿನಿಂದಲೇ ಬರತೊಡಗಿತು. ಸಿಡಿ ಸಿಕ್ಕದೆ, ಚೌಕ ಯಾವುದೆಂದು ತಿಳಿಯದೆ, ಗಣಕದಲ್ಲಿ ಕನ್ನಡ ಬರುವುದೇ ಇಲ್ಲವೆಂದು ನಿಶ್ಚಯಿಸಿ ಇಂಗ್ಲಿಷಿನಲ್ಲಿಯೇ ಉಳಿದುಹೋದವರನ್ನು ನಾನು ಬಲ್ಲೆ.

ಇನ್ನು ಆರಿಸುವವರ ಕಷ್ಟವನ್ನು ನೋಡಬೇಕು, ಅದು ಸಣ್ಣದಲ್ಲ. 2004ರ ಅಕ್ಟೋಬರಿನಲ್ಲಿ ಮೊದಲ ಉಬುಂಟು ಹೊರಬಂದಾಗ ಅದು ಒಂದೇ ಒಂದು ಸಿಡಿಯೊಳಗೆ, ಅಂದರೆ 700 ಮೆಗಾಬೈಟುಗಳೊಳಗೆ, ಅಡಗಬೇಕೆಂಬ ನಿಯಮವಿತ್ತು; ಆ ಸಿಡಿಯನ್ನು ಕೇಳಿದವರಿಗೆಲ್ಲ ಕೆಲವು ವರ್ಷಗಳ ಕಾಲ ಅಂಚೆಯಲ್ಲಿ ಉಚಿತವಾಗಿ ಕಳುಹಿಸಿದರೆಂಬುದನ್ನು ನೆನೆದರೆ ಆ ನಿಯಮದ ಔಚಿತ್ಯವೂ ತಿಳಿಯುತ್ತದೆ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಒಂದು ಉಪಕರಣವನ್ನು ಸೇರಿಸಬೇಕಾದರೆ ಇನ್ನೊಂದನ್ನು ಹೊರಗೆ ಹಾಕಲೇಬೇಕು. ಸಿ ಕಂಪೈಲರು ಬೇಕೆ, ಇನ್ನೊಂದು ಭಾಷೆಯ ಅನುವಾದದ ಪೊಟ್ಟಣ ಬೇಕೆ ಎಂಬ ಪ್ರಶ್ನೆ ಅಲ್ಲಿ ಅಲಂಕಾರದ ಮಾತಾಗಿರಲಿಲ್ಲ. ಕಂಪೈಲರಿನ ಕೂಟವು ಬೇಕಾದವರು ಹಾಕಿಕೊಳ್ಳತಕ್ಕದ್ದಾಗಿ ಉಳಿಯಿತು. ಸಿಡಿಯಲ್ಲಿ ಸ್ಥಳ ಸಿಕ್ಕದ ಭಾಷೆಗಳು ಅಂತರಜಾಲದಿಂದ ಬರಬೇಕಾದವು.

2012ರ ಹೊತ್ತಿಗೆ ಉಬುಂಟು ಸಿಡಿಯ ಎಲ್ಲೆಯನ್ನು ದಾಟಿತು. ಜಾಗದ ಕಾರಣ ಇಲ್ಲವಾದ ಮೇಲೆ ಉಪಕರಣಗಳು ಒಳಗೆ ಬಂದಾವೆಂದು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಜಾಗ ಹೆಚ್ಚಿದಂತೆ ಆರಿಸುವವರ ಕೈ ಇನ್ನಷ್ಟು ಬಿಗಿಯಾಗಿ, 2023ರ ಅಕ್ಟೋಬರಿನ ಆವೃತ್ತಿಯಿಂದ ಕನಿಷ್ಠ ಸ್ಥಾಪನೆಯೇ ಅಲ್ಲಿ ಸಹಜಕ್ರಮವಾಯಿತು. 2014ರಲ್ಲಿ, ಉಬುಂಟುವಿನಂತೆಯೇ ಇನ್ನೊಂದು ಲಿನಕ್ಸ್ ಕಟ್ಟಾದ ಫೆಡೋರಾ ತನ್ನನ್ನು ಮೂರಾಗಿ ವಿಂಗಡಿಸಿಕೊಂಡು, ವರ್ಕ್‌ಸ್ಟೇಷನ್ ಎಂಬ ಶಾಖೆಯನ್ನು ತಂತ್ರಾಂಶ ಬರೆಯುವವರನ್ನು ಮುಖ್ಯವಾಗಿ ಉದ್ದೇಶಿಸಿ ಸಿದ್ಧಪಡಿಸಿತಷ್ಟೆ. ಹಾಗೆ ಬರೆಯುವವರಿಗಾಗಿಯೇ ಮೀಸಲಾದ ಆ ಶಾಖೆಯಲ್ಲಿಯೂ ಸಿ ಕಂಪೈಲರು ತಾನಾಗಿ ಬರುವುದಿಲ್ಲ, ‘ಜಿಸಿಸಿ’ ಎಂದು ಬರೆದರೆ ಹಾಕಿಕೊಡಲೇ ಎಂದು ಯಂತ್ರ ವಿನಯದಿಂದ ಕೇಳುತ್ತದೆ. ಕಾರಣ ಸರಳ: ಬರೆಯುವವರು ಒಂದೇ ಜಾತಿಯವರಲ್ಲ. ಒಬ್ಬನಿಗೆ ಸಿ, ಇನ್ನೊಬ್ಬಳಿಗೆ ಜಾವಾ, ಮತ್ತೊಬ್ಬನಿಗೆ ರಸ್ಟ್; ಎಲ್ಲರಿಗೂ ಎಲ್ಲವನ್ನೂ ಹಾಕಿದರೆ ಯಾರಿಗೂ ಬೇಡದ ಹೊರೆ, ಒಂದನ್ನು ಹಾಕಿದರೆ ಉಳಿದವರ ಕಣ್ಣಿಗೆ ಪಕ್ಷಪಾತ.

ಈ ಬಗೆಯ ತೀರ್ಮಾನಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದೇ ಫೆಡೋರಾದವರು 2020ರಲ್ಲಿ ಮಾಡಿದ ಒಂದು ಚಿಕ್ಕ ಬದಲಾವಣೆ. ಗಿಟ್ಟಿನಲ್ಲಿ ಒಂದು ಟಿಪ್ಪಣಿಯನ್ನು ಬರೆಯಹೊರಟ ಹೊಸಬನ ಎದುರಿಗೆ ಅದುವರೆಗೆ ತೆರೆಯುತ್ತಿದ್ದದ್ದು ವಿಐ ಎಂಬ ಸಂಪಾದಕ. 1970ರ ದಶಕದಲ್ಲಿ ಬಿಲ್ ಜಾಯ್ ರಚಿಸಿದ ಈ ಸಂಪಾದಕವು ಬಲ್ಲವರ ಕೈಯಲ್ಲಿ ಮಹಾಸಮರ್ಥವಾದದ್ದೇ ಹೌದು. ಆದರೆ ಅರಿಯದೆ ಅದರೊಳಗೆ ಹೊಕ್ಕವನಿಗೆ ಚಕ್ರವ್ಯೂಹದೊಳಗಿನ ಅಭಿಮನ್ಯುವಿನ ಪಾಡು: ಅಕ್ಷರವೊತ್ತಿದರೆ ಅಕ್ಷರ ಮೂಡದು, ಹೊರಗೆ ಬರುವ ದಾರಿಯಾದರೂ ತೆರೆಯ ಮೇಲೆ ಎಲ್ಲಿಯೂ ಬರೆದಿರದು. ಅದರ ಬದಲಿಗೆ, ಹೊರಬರುವ ಕೀಲಿಯನ್ನು ತೆರೆಯ ಅಡಿಯಲ್ಲಿಯೇ ಬರೆದು ತೋರಿಸುವ ನ್ಯಾನೋ ಎಂಬ ಸಾಧಾರಣ ಸಂಪಾದಕವನ್ನು ಫೆಡೋರಾ 33ರಿಂದ ಸಹಜಕ್ರಮವಾಗಿ ಇಟ್ಟರು. ಬಲ್ಲವನಿಗೆ ಬದಲಾಯಿಸಿಕೊಳ್ಳುವುದು ಒಂದು ಸಾಲಿನ ಕೆಲಸ, ಅರಿಯದವನಿಗೆ ಅದೇ ಅಸಾಧ್ಯದ ಕೆಲಸ. ಆದುದರಿಂದ ಸಹಜಕ್ರಮವನ್ನು ಅರಿಯದವನ ಕಡೆಯಿಂದ ನೋಡಿ ನಿಶ್ಚಯಿಸತಕ್ಕದ್ದೆಂಬ ನ್ಯಾಯವೊಂದು ಈ ತೀರ್ಮಾನದೊಳಗೆ ಅಡಗಿದೆ.

ಜೊತೆಗೆ ಕೊಟ್ಟದ್ದನ್ನು ಜೊತೆಯಲ್ಲಿಯೇ ಕಾಪಾಡಬೇಕೆಂಬುದು ಇನ್ನೊಂದು ತೊಡಕು. ಪೈಥಾನಿನ ಎರಡನೆಯ ಆವೃತ್ತಿಗೆ ಅದರ ಕರ್ತೃಗಳೇ 2020ರ ಜನವರಿ 1ರಂದು ವಿದಾಯ ಹೇಳಿದರೂ, ಆಪಲ್ ತನ್ನ ಮ್ಯಾಕ್ ಯಂತ್ರಗಳಲ್ಲಿ ಅದನ್ನು 2022ರವರೆಗೆ ಹೊತ್ತುಕೊಂಡು ಬಂದು, ಆಮೇಲೆ ತೆಗೆದುಹಾಕಿತು; ಇದ್ದೇ ಇರುತ್ತದೆಂದು ನಂಬಿ ಅದರ ಮೇಲೆ ಕಟ್ಟಿಕೊಂಡವರ ಎಷ್ಟೋ ಚಿಕ್ಕಪುಟ್ಟ ಪ್ರೋಗ್ರಾಮುಗಳು ಅಂದಿಗೆ ನಿಂತವು. ಯಂತ್ರವು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡ ಪೈಥಾನನ್ನು ಬಳಕೆದಾರನು ತನಗಿಷ್ಟವಾದಂತೆ ತಿದ್ದಹೊರಟು ಯಂತ್ರವನ್ನೇ ಕೆಡಿಸಿಕೊಳ್ಳುವ ಅಪಾಯವೂ ಉಂಟಾದ್ದರಿಂದ, ಡೆಬಿಯನ್ ಎಂಬ ಲಿನಕ್ಸ್ ಕಟ್ಟಿನ 2023ರ ಹನ್ನೆರಡನೆಯ ಆವೃತ್ತಿಯಲ್ಲಿ ಅಂಥ ತಿದ್ದುಪಡಿಗೆ ತಡೆಯೊಡ್ಡಿ, ನಿನ್ನ ಪ್ರಯೋಗಗಳಿಗೆ ಪ್ರತ್ಯೇಕ ಆವರಣವೊಂದನ್ನು ಮಾಡಿಕೋ ಎಂದು ಸೂಚಿಸುವ ಏರ್ಪಾಡು ಬಂದಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಎಲ್ಲರಿಗೂ ಹಕ್ಕುಂಟು, ಆದರೆ ಒಬ್ಬನೇ ಅದನ್ನು ಪರಭಾರೆ ಮಾಡಲಾರನೆಂಬ ಮಾತನ್ನು ಕೋರ್ಟಿನ ಮೆಟ್ಟಿಲು ಹತ್ತಿದ ನಮ್ಮ ರೈತರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಕಂಪೈಲರಿದ್ದರೆ ಯಂತ್ರದೊಳಗೆ ನುಸುಳುವ ಕಳ್ಳರಿಗೆ ಅನುಕೂಲವೆಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ಸರ್ವರುಗಳ ಮಟ್ಟಿಗೆ ಅದರಲ್ಲಿ ಸ್ವಲ್ಪ ಹುರುಳಿರಬಹುದು. ಮೇಜಿನ ಗಣಕದ ಮಟ್ಟಿಗೆ ನನಗೆ ಅದು ನೆಪವಾಗಿಯೇ ಕಾಣುತ್ತದೆ.

ಮತ್ತೆ ಕಲ್ಯಾಣಕ್ಕೇ ಬರೋಣ. ಹೈದರಾಬಾದಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿ, ರಾಜೇಶ್ವರವನ್ನು ಹಾಯ್ದು, ಸಸ್ತಾಪುರ ಬಂಗ್ಲಾದ ಬಳಿ ತಿರುಗಿದರೆ ಬಸವಕಲ್ಯಾಣ. ಬೆಳಗಿನ ಬಸ್ಸುಗಳಲ್ಲಿ ಈ ದಾರಿಯುದ್ದಕ್ಕೂ ಹತ್ತುವ ವಿದ್ಯಾರ್ಥಿಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಓದುವವರೂ ಇದ್ದಾರೆ, ಡಿಗ್ರಿ ಕಾಲೇಜುಗಳಲ್ಲಿ ಬಿಸಿಎ ಓದುವವರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಸ್ವಂತದ ಲ್ಯಾಪ್‌ಟಾಪಿಲ್ಲ. ಗಣಕವೆಂದರೆ ಲ್ಯಾಬಿನ ಗಣಕ, ಅಂತರಜಾಲವೆಂದರೆ ಮೊಬೈಲಿನ ಅಂತರಜಾಲ. ಹೈದರಾಬಾದಿನವನಿಗೆ ಒಂದು ಸಾಲಿನ ಆಜ್ಞೆಯೆಂದು ತೋರುವ ಕೆಲಸ ಇಲ್ಲಿ ಮೂವರ ಅನುಮತಿಯ ಕೆಲಸವಾಗುತ್ತದೆ. ಲ್ಯಾಬಿನ ಗಣಕದಲ್ಲಿ ವಿದ್ಯಾರ್ಥಿಗೆ ಕೊಟ್ಟಿರುವುದು ಸಾಮಾನ್ಯ ಖಾತೆ. ಹೊಸದನ್ನು ಹಾಕಲು ಬೇಕಾದ ಗುಪ್ತಪದ ಲ್ಯಾಬಿನ ಸಹಾಯಕರ ಬಳಿ. ಅವರು ಅಂದು ರಜೆಯಲ್ಲಿರಬಹುದು. “ಜಿಸಿಸಿ ಹಾಕಿಲ್ಲಂತ ಬರ್ಲಾಕತ್ತದ್ರಿ ಸರ್, ಪಾಸ್‌ವರ್ಡ್ ಕೇಳ್ತದ” ಎಂದು ಹುಡುಗನು ಹೇಳುವುದೂ, “ಮುಂದಿನ ವಾರ ನೋಡೋಣ, ಈಗ ನೋಟ್ಸ್ ಬರ್ಕೋ” ಎಂದು ಅಧ್ಯಾಪಕರು ಉತ್ತರಿಸುವುದೂ ಯಾವ ಲ್ಯಾಬಿನಲ್ಲಾದರೂ ನಡೆಯಬಹುದಾದ ಸಂಭಾಷಣೆ. ಆ ವಾರ ಸಂಕೇತವು ಕಾಗದದ ಮೇಲೆಯೇ ಓಡುತ್ತದೆ. ಕಲಿಯಬೇಕಾದದ್ದನ್ನು ಕಲಿಯಲು ಕೊನೆಗೆ ಕೆಲವರು ಹೈದರಾಬಾದಿನ ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಿಗೆ ಹೋಗಿ ಹಣ ತೆರುತ್ತಾರೆ.

ಇಂಥ ಸನ್ನಿವೇಶದಲ್ಲಿಯೇ ಭಾರತದ ಕಾಲೇಜುಗಳಲ್ಲಿ ಟರ್ಬೋ ಸಿ ಚಿರಂಜೀವಿಯಾದದ್ದು. ಬೋರ್ಲೆಂಡ್ ಸಂಸ್ಥೆಯು 1987ರಲ್ಲಿ ಡಾಸ್ ಕಾಲಕ್ಕೆಂದು ಹೊರತಂದ ಈ ನೀಲಿ ತೆರೆಯ ಕಂಪೈಲರು, ಡಾಸ್ ಸತ್ತ ಮೇಲೂ ಡಾಸ್‌ಬಾಕ್ಸ್ ಎಂಬ ಅನುಕರಣದೊಳಗೆ ಉಸಿರಾಡುತ್ತ, ಒಂದು ಪೆನ್‌ಡ್ರೈವಿನಿಂದ ಇನ್ನೊಂದಕ್ಕೆ ದಾಟುತ್ತ ಬಂದಿತು. ಅದನ್ನು ಹೀಯಾಳಿಸುವವರು ಬಹಳ. ನಾನು ಮಾತ್ರ ಹೀಯಾಳಿಸಲಾರೆ. ಗುಪ್ತಪದ ಕೇಳದೆ, ಜಾಲವನ್ನು ಕೇಳದೆ, ಒಂದು ಫೋಲ್ಡರನ್ನು ನಕಲಿಸಿದ ಮಾತ್ರಕ್ಕೆ ನಡೆಯುವ ಕಂಪೈಲರು ಬೇರೆ ಯಾವುದೂ ಸುಲಭವಾಗಿ ಕೈಗೆ ಸಿಕ್ಕದಿದ್ದಾಗ, ಅದರೊಡನೆ ಬಂದ ಹಳಸಲು ಅಭ್ಯಾಸಗಳನ್ನೂ ನಮ್ಮ ಮಕ್ಕಳು ಕಲಿತರು. ವ್ಯವಸ್ಥೆಯು ತಾನು ಕೊಡಬೇಕಾದದ್ದನ್ನು ಕೊಡದಿದ್ದ ಸ್ಥಳವನ್ನು ಸತ್ತ ತಂತ್ರಾಂಶವೊಂದು ತುಂಬಿತು.

ಹಕ್ಕು ಜನ್ಮದಿಂದ ಬರುತ್ತದೆಂಬುದು ಒಂದು ಪ್ರಶ್ನೆ, ಯಾರ ಜನ್ಮವು ಲೆಕ್ಕಕ್ಕೆ ಬರುತ್ತದೆಂಬುದು ಇನ್ನೊಂದು. ಮಿತಾಕ್ಷರದ ಜನ್ಮಸಿದ್ಧ ಹಕ್ಕು ಗಂಡುಮಕ್ಕಳಿಗೆ ಮಾತ್ರ ಸೀಮಿತವಾಗಿದ್ದು, ಕರ್ನಾಟಕದ ತಿದ್ದುಪಡಿಯು 1994ರಲ್ಲಿ ಜಾರಿಗೆ ಬಂದ ಮೇಲೆ, ಆಗಲೇ ಮದುವೆಯಾಗಿದ್ದವರನ್ನು ಹೊರತುಪಡಿಸಿ, ಹೆಣ್ಣುಮಕ್ಕಳಿಗೂ ದೊರೆಯಿತು. ದೇಶಕ್ಕೆಲ್ಲ ಅದು ವಿಸ್ತರಿಸಿದ್ದು 2005ರಲ್ಲಿ. ಗಣಕದ ಉಪಕರಣಗಳನ್ನು ಆರಿಸುವವರು ಕಲ್ಪಿಸಿಕೊಳ್ಳುವ ಬಳಕೆದಾರನಾದರೂ ತನ್ನ ಯಂತ್ರಕ್ಕೆ ತಾನೇ ಒಡೆಯನಾದವನು, ಗುಪ್ತಪದವುಳ್ಳವನು, ವೇಗವಾದ ಜಾಲವುಳ್ಳವನು. ಲ್ಯಾಬಿನ ಹತ್ತನೆಯ ಗಣಕದ ಮುಂದೆ ಇಬ್ಬರು ಗೆಳತಿಯರೊಡನೆ ಒಂದೇ ಕೀಲಿಮಣೆಯನ್ನು ಹಂಚಿಕೊಂಡು ಕುಳಿತವಳು ಆ ವಂಶವೃಕ್ಷದಲ್ಲಿ ಇನ್ನೂ ಸೇರಿಲ್ಲ.

ಸೇರಿಸಿಕೊಂಡ ನಿದರ್ಶನವೊಂದು ಕಾಸರಗೋಡಿನಲ್ಲಿದೆ. ಕೇರಳ ಸರಕಾರವು 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭಿಸಿ, ಈಗ ಕೈಟ್ ಎಂಬ ಸಂಸ್ಥೆಯಾಗಿ ಬೆಳೆಸಿರುವ ಯೋಜನೆಯು ಶಾಲೆಗಳಿಗಾಗಿಯೇ ತನ್ನದೊಂದು ಲಿನಕ್ಸ್ ಕಟ್ಟನ್ನು ಸಿದ್ಧಪಡಿಸುತ್ತದೆ. 2024ರಲ್ಲಿ ಬಂದ ಅದರ ಆವೃತ್ತಿಯು ಉಬುಂಟು 22.04ನ್ನು ಆಧರಿಸಿದ್ದು. ಪಾಠಪುಸ್ತಕದಲ್ಲಿ ಯಾವ ಯಾವ ತಂತ್ರಾಂಶದ ಮಾತು ಬರುತ್ತದೆಯೋ ಅದು ಯಂತ್ರದಲ್ಲಿ ಇದ್ದೇ ಇರುತ್ತದೆ: ಸ್ಕ್ರ್ಯಾಚ್, ಜಿಯೋಜೀಬ್ರಾ, ಪೈಥಾನ್. ಪಾಠಪುಸ್ತಕವೋ ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಹುಡುಗಿ ಪ್ರೋಗ್ರಾಮು ಬರೆಯುವ ಉಪಕರಣವನ್ನು ಯಾರನ್ನೂ ಬೇಡದೆ, ಕನ್ನಡದ ಪಾಠದೊಡನೆ ಪಡೆಯುತ್ತಾಳೆ. ನಮ್ಮಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯೊಡಗೂಡಿ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಉಬುಂಟುವನ್ನೂ ಜಿಯೋಜೀಬ್ರಾವನ್ನೂ ಪ್ರೌಢಶಾಲೆಯ ಅಧ್ಯಾಪಕರ ಕೈಗೆ ಮುಟ್ಟಿಸಿತು. ಅಧ್ಯಾಪಕರಿಗೆ ಮುಟ್ಟಿದ್ದು ಪ್ರತಿಯೊಂದು ಶಾಲೆಯ ಯಂತ್ರಕ್ಕೂ ಹುಟ್ಟುಗುಣವಾಗಿ ಇಳಿಯಬೇಕಾದರೆ ಮಾತ್ರ ಕೇರಳದವರಿಗಿರುವಂಥ ಹಟ ಬೇಕು.

ಎಲ್ಲವನ್ನೂ ಹಾಕಿರೆಂದು ನಾನು ಹೇಳುವವನಲ್ಲ. ನನ್ನನ್ನು ಕೇಳಿದರೆ ಮೇಜಿನ ಗಣಕಕ್ಕೆ ಜನ್ಮದಿಂದಲೇ ಬರತಕ್ಕವು ಕೆಲವೇ: ಒಂದು ಸಿ ಕಂಪೈಲರು, ಒಂದು ಪೈಥಾನ್, ಗಿಟ್, ಹೊಸಬನನ್ನು ಹೆದರಿಸದ ಒಂದು ಸಂಪಾದಕ, ಮತ್ತು ಇವುಗಳ ಕೈಪಿಡಿ. ಕೈಪಿಡಿಯನ್ನು ನಾನು ಉಳಿದವುಗಳಿಗಿಂತ ಒಂದು ತೂಕ ಹೆಚ್ಚಾಗಿಯೇ ಬಯಸುತ್ತೇನೆ. ಜಾಲವಿದ್ದವನಿಗೆ ಪ್ರಪಂಚವೆಲ್ಲ ಕೈಪಿಡಿ. ಜಾಲವಿಲ್ಲದ ಲ್ಯಾಬಿನಲ್ಲಿ ಒಂದು ಫಂಕ್ಷನ್ನಿನ ವಿವರವನ್ನು ತಿಳಿಯಲು ಯಂತ್ರದೊಳಗಿನ ಪುಟಗಳೇ ಗತಿ. ಡೆಬಿಯನ್, ಉಬುಂಟುಗಳಲ್ಲಿ ಸಿ ಭಾಷೆಯ ಆ ಪುಟಗಳಾದರೋ ಬೇರೊಂದು ಪೊಟ್ಟಣದಲ್ಲಿವೆ.

ದೊಡ್ಡವರು ಆರಿಸುವವರೆಗೆ ಬಸವಕಲ್ಯಾಣದವರೂ ಹುಮನಾಬಾದಿನವರೂ ಕಾಯಬೇಕಾಗಿಲ್ಲ. ಡೆಬಿಯನ್ನಿನ ಸ್ಥಾಪನೆಗೆ ಉತ್ತರಗಳನ್ನು ಮೊದಲೇ ಬರೆದಿಡುವ ಒಂದು ಕಡತವನ್ನು ಕೊಡಬಹುದು. ಆ ಕಡತದಲ್ಲಿ ಬೇಕಾದ ಪೊಟ್ಟಣಗಳ ಹೆಸರುಗಳನ್ನು ಒಂದು ಸಾಲಿನಲ್ಲಿ ಬರೆದರೆ ಲ್ಯಾಬಿನ ಪ್ರತಿಯೊಂದು ಗಣಕವೂ ಅವುಗಳೊಡನೆಯೇ ಸಿದ್ಧವಾಗುತ್ತದೆ. ಆ ಸಾಲಿನಲ್ಲಿ ಕಂಪೈಲರಿನ ಕೂಟವಾದ ಬಿಲ್ಡ್-ಎಸೆನ್ಷಿಯಲ್ ಇರಲಿ, ಡೀಬಗರಾದ ಜಿಡಿಬಿ ಇರಲಿ, ಕೈಪಿಡಿಯ ಪುಟಗಳ ಮ್ಯಾನ್‌ಪೇಜಸ್-ಡೆವ್ ಇರಲಿ; ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದ ಸಿಸ್ಟಮ್ ಸಾಫ್ಟ್‌ವೇರ್ ಪ್ರಯೋಗಗಳು ಕೇಳುವ ಲೆಕ್ಸ್ ಯಾಕ್‌ಗಳ ಸ್ಥಾನದಲ್ಲಿ ಫ್ಲೆಕ್ಸ್ ಬೈಸನ್‌ಗಳಿರಲಿ, 1979ರಲ್ಲಿ ಆ ಲೆಕ್ಸ್ ಯಾಕ್‌ಗಳು ಕೇಳದೆಯೇ ಬರುತ್ತಿದ್ದವು; ಕನ್ನಡದಲ್ಲಿ ಟಿಪ್ಪಣಿ ಬರೆಯಲು ಐಬಸ್-ಎಂ17ಎನ್ ಇರಲಿ, ಅದರಲ್ಲಿ ನಮ್ಮ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ. ಅಧ್ಯಾಪಕರು ಬೇಸಿಗೆಯ ರಜೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಈ ಸಾಲನ್ನು ಬರೆದು, ಪೊಟ್ಟಣಗಳ ಒಂದು ಪ್ರತಿಯನ್ನು ಕಾಲೇಜಿನ ಒಂದು ಗಣಕದಲ್ಲಿ ಸಂಗ್ರಹಿಸಿಟ್ಟು, ಪಠ್ಯಕ್ರಮ ಬದಲಾದಾಗಲೆಲ್ಲ ತಿದ್ದಿಕೊಳ್ಳುತ್ತ ಬರಬೇಕು. ಕಡತವನ್ನು ಹುಮನಾಬಾದಿನ ಒಬ್ಬರು ಬರೆದರೆ ಭಾಲ್ಕಿಯವರಿಗೂ ಬೀದರದವರಿಗೂ ಅದೇ ಸಾಕು.